ಪೌರತ್ವದ ಕಾಗದ ಕೇಳಿದರೆ ಅಮ್ಮನ ಓಟು ಹೋಗುತ್ತದೆಯೇ?

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿದ್ದೇವೆ. ತಿಪಟೂರಿನಿಂದ ಬಂದ ನನ್ನ ತಾಯಿಗೆ 68 ವರ್ಷ. ಕಳೆದ ವರ್ಷ ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಪ್ರಮಾಣವಚನ ಮುಗಿದ ಮರುವಾರವೇ ಮತದಾರರ ಪಟ್ಟಿಗೆ ಹೆಸರು ಸೇರಿಸಿದೆವು. ಪೌರತ್ವದ ದಾಖಲೆ ಕೊಟ್ಟವರಿಗೆ ಮಾತ್ರ ಓಟು ಎಂಬ ಕಾನೂನು ರಾಜ್ಯದಲ್ಲಿ ಬರಬಹುದು ಎಂದು ಕೇಳಿ ಗಾಬರಿಯಾಗಿದೆ. ಅಮ್ಮನ ಐಡಿ ಕಾರ್ಡ್ ಗ್ರೀನ್ ಕಾರ್ಡ್ ಕಾಲದ್ದು. ಅದರಲ್ಲಿ ಹೆಸರು ಒಂದು ಥರ, ಪೌರತ್ವದ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ. ಅವರ ಓಟು ಹೋಗುತ್ತದೆಯೇ? "ಪೌರತ್ವ ಇಲ್ಲದವರು ಓಟು ಹಾಕಬಾರದು ತಾನೇ, ಕಾಗದ ಕೇಳಿದರೆ ತಪ್ಪೇನು?" ಅನ್ನುತ್ತಾರೆ ಗೆಳೆಯರು. ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಗಾಬರಿ ಇಳಿಸಿಕೊಳ್ಳಿ. ಟೆಕ್ಸಾಸ್‌ನ ಮತದಾರರ ಅರ್ಜಿಯಲ್ಲಿ ಅಮೆರಿಕದ ಪ್ರಜೆ ಹೌದೋ ಅಲ್ಲವೋ ಎಂದು ಗುರುತು ಹಾಕಿ ಸಹಿ ಮಾಡಬೇಕು, ಸುಳ್ಳು ಬರೆದರೆ ಶಿಕ್ಷೆ. ಕಾಗದ ಲಗತ್ತಿಸಬೇಕು ಎಂದು ರಾಜ್ಯದ ಕಾನೂನು ಹೇಳುವುದಿಲ್ಲ. ಹಾಗೆ ಹೇಳಿಸಲೆಂದೇ 2025ರಲ್ಲಿ ಸೆನೆಟ್ (ರಾಜ್ಯದ ಮೇಲ್ಮನೆ) ಮಸೂದೆ 16 ಬಂದಿತ್ತು. ಏಪ್ರಿಲ್‌ನಲ್ಲಿ ಸೆನೆಟ್ ಅದನ್ನು ಪಾಸು ಮಾಡಿತು, ಕೆಳಮನೆಯಲ್ಲಿ ಮತಕ್ಕೇ ಬಾರದೆ ಅಧಿವೇಶನ ಮುಗಿಯಿತು. ಇಲ್ಲಿಯ ಶಾಸನಸಭೆ ನಿಯಮಿತವಾಗಿ ಸೇರುವುದು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಲ್ಲಿ, ಹೆಚ್ಚೆಂದರೆ 140 ದಿನ. ಮುಂದಿನ ನಿಯಮಿತ ಅಧಿವೇಶನ 2027ರ ಜನವರಿಯಲ್ಲಿ. ಇಂಥ ಮಸೂದೆ ಆಗ ಮತ್ತೆ ಬರುತ್ತದೆ ಎಂದುಕೊಂಡೇ ನಾನು ಉತ್ತರ ಬರೆಯುತ್ತಿದ್ದೇನೆ. ಇಡೀ ದೇಶಕ್ಕೆ ಇಂಥದೇ ಕಾನೂನು ಬೇಕೆಂದು ವಾಷಿಂಗ್ಟನ್ನಿನಲ್ಲಿ ನಡೆಯುತ್ತಿರುವ ಜಗ್ಗಾಟದ ಮಾತು ಬೇರೆ. ನೀವು ಕೇಳಿರುವುದು ರಾಜ್ಯದ ಕಾನೂನಿನ ಬಗ್ಗೆ.

ಆ ಮಸೂದೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಒಂದಿದೆ. ಹೊಸದಾಗಿ ಹೆಸರು ಸೇರಿಸುವವರು ದಾಖಲೆ ಕೊಡಬೇಕು ಎನ್ನುವುದರ ಜೊತೆಗೆ, ಈಗಾಗಲೇ ಪಟ್ಟಿಯಲ್ಲಿರುವವರ ಪೌರತ್ವವನ್ನೂ ಸರ್ಕಾರ ತಾಳೆ ನೋಡಬೇಕು ಎಂದಿತ್ತು. ಟೆಕ್ಸಾಸ್ ಪಟ್ಟಿಯಲ್ಲಿ 1.8 ಕೋಟಿಗೂ ಹೆಚ್ಚು ಹೆಸರುಗಳಿವೆ. ತಾಳೆಯಾಗದವರು, ಕೇಳಿದ ಮೇಲೂ ದಾಖಲೆ ಕೊಡದವರು, ಅಮೆರಿಕ ಕಾಂಗ್ರೆಸ್ಸಿನ ಚುನಾವಣೆಗೆ ಮಾತ್ರ ಓಟು ಹಾಕಬಹುದು ಎಂದೂ ಇತ್ತು. ಗವರ್ನರ್, ಶಾಸಕರು, ನ್ಯಾಯಾಧೀಶರು, ಶಾಲಾ ಮಂಡಳಿ ಯಾವುದಕ್ಕೂ ಇಲ್ಲ. ಇಂಥ ಅರ್ಧ ಓಟು ಈಗಾಗಲೇ ಅರಿಜೋನಾದಲ್ಲಿದೆ. ಆ ರಾಜ್ಯ 2004ರಲ್ಲಿ ಪೌರತ್ವದ ದಾಖಲೆ ಕಡ್ಡಾಯ ಮಾಡಿತು. ಕೇಂದ್ರದ ನಮೂನೆಯಲ್ಲಿ ಅರ್ಜಿ ಹಾಕಿದವರಿಂದ ಹಾಗೆ ದಾಖಲೆ ಕೇಳುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು 7-2ರ ತೀರ್ಪು ಕೊಟ್ಟಿತು. ಆಗ ಅರಿಜೋನಾ ಮತದಾರರನ್ನು ಎರಡು ದರ್ಜೆ ಮಾಡಿತು.

ನಿಮ್ಮ ಗೆಳೆಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗ್ರೀನ್ ಕಾರ್ಡಿಗಾಗಿ ಹತ್ತು ಹದಿನೈದು ವರ್ಷ ಸಾಲಿನಲ್ಲಿ ನಿಂತವರಿಗೆ ಸಾಲು ತಪ್ಪಿಸಿ ನುಗ್ಗುವವರ ಮೇಲೆ ಕೋಪ ಬರುವುದು ಸಹಜ. ಪೌರತ್ವ ಇಲ್ಲದವರು ಓಟು ಹಾಕಬಾರದು ಎನ್ನುವುದನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಅದು ಈಗಲೇ ಅಪರಾಧ. 2025ರ ನವೆಂಬರ್‌ನಲ್ಲಿ ಟೆಕ್ಸಾಸ್ ಜನ ಅದನ್ನು ರಾಜ್ಯದ ಸಂವಿಧಾನದಲ್ಲೂ ಬರೆಸಿದರು. ಆದ್ದರಿಂದ ಅಲ್ಲಿ ಜಗಳವಿಲ್ಲ. ಜಗಳ ಇರುವುದು ಒಂದೇ ಕಡೆ: ಸರ್ಕಾರದ ಕಡತ ಹಳೆಯದಾಗಿದ್ದರೆ ಅದನ್ನು ಸರಿಮಾಡುವ ಹೊರೆ ಯಾರದು? ಸರ್ಕಾರದ್ದೋ, ನಿಮ್ಮ ತಾಯಿಯದೋ?

ಇದು ಬರಿಯ ಊಹೆಯಲ್ಲ, ಇದೇ ಟೆಕ್ಸಾಸ್‌ನಲ್ಲಿ ಆಗಿಹೋಗಿದೆ. 2019ರ ಜನವರಿ 25ರಂದು ಚುನಾವಣೆ ನೋಡಿಕೊಳ್ಳುವ ರಾಜ್ಯದ ಕಾರ್ಯದರ್ಶಿಯಾಗಿದ್ದ ಡೇವಿಡ್ ವಿಟ್ಲಿ ಒಂದು ಪಟ್ಟಿ ಹೊರಡಿಸಿದರು. ಮತದಾರರಲ್ಲಿ ಸುಮಾರು 95,000 ಜನರ ಪೌರತ್ವ ಅನುಮಾನ, ಅವರಲ್ಲಿ ಸುಮಾರು 58,000 ಜನ 1996ರಿಂದೀಚೆಗೆ ಒಮ್ಮೆಯಾದರೂ ಓಟು ಹಾಕಿದ್ದಾರೆ ಎಂದರು. ಟೀವಿಯಲ್ಲಿ ದೊಡ್ಡ ಸುದ್ದಿಯಾಯಿತು. ಪಟ್ಟಿ ಮಾಡಿದ ರೀತಿ ಹೀಗಿತ್ತು: ಲೈಸೆನ್ಸು ಕೊಡುವ ಡಿಪಿಎಸ್ ಇಲಾಖೆಯ ಕಡತದಲ್ಲಿ ಯಾರು ಗ್ರೀನ್ ಕಾರ್ಡ್ ಅಥವಾ ವೀಸಾ ತೋರಿಸಿದ್ದಾರೋ ಅವರ ಹೆಸರುಗಳನ್ನು ತೆಗೆದುಕೊಂಡು ಮತದಾರರ ಪಟ್ಟಿಯ ಜೊತೆ ಹೊಂದಿಸಿದರು.

ನಿಮ್ಮ ತಾಯಿಯನ್ನು ಈ ಲೆಕ್ಕದೊಳಗೆ ನಿಲ್ಲಿಸಿ ನೋಡಿ. ಗ್ರೀನ್ ಕಾರ್ಡ್ ಇದ್ದಾಗ ಐಡಿ ಮಾಡಿಸಿದರು. ಆಮೇಲೆ ನೂರು ಪ್ರಶ್ನೆ ಉರುಹೊಡೆದು, ಸಂದರ್ಶನ ಮುಗಿಸಿ, ಕೈಯೆತ್ತಿ ಪ್ರಮಾಣ ಮಾಡಿದರು. ಮತದಾರರ ಪಟ್ಟಿಗೆ ಸೇರಿದರು. ಇಷ್ಟರ ನಡುವೆ ಡಿಪಿಎಸ್‌ಗೆ ಹೋಗಿ "ನಾನೀಗ ಪ್ರಜೆ" ಎಂದು ಹೇಳಿಬರಬೇಕು ಎಂದು ಯಾವ ಕಾನೂನೂ ಹೇಳಿರಲಿಲ್ಲ. ಕಾರ್ಡಿನ ಅವಧಿ ಇನ್ನೂ ಇದೆ, ಹೋಗುವ ಕೆಲಸವೇ ಇಲ್ಲ. ಹಾಗಾಗಿ ಡಿಪಿಎಸ್ ಕಂಪ್ಯೂಟರಿನಲ್ಲಿ ಅವರು ಇನ್ನೂ ಗ್ರೀನ್ ಕಾರ್ಡಿನವರೇ. ತಪ್ಪೇ ಮಾಡದ ಈ ಹೆಂಗಸು 95,000ದಲ್ಲಿ ಒಬ್ಬರಾಗುತ್ತಾರೆ.

ನಡೆದದ್ದು ಅದೇ. ಕೆಲವೇ ದಿನಗಳಲ್ಲಿ ಸುಮಾರು 25,000 ಹೆಸರು ಪಟ್ಟಿಯಲ್ಲಿ ಇರಲೇಬಾರದಾಗಿತ್ತು ಎಂದು ಗೊತ್ತಾಯಿತು. ಪ್ರಕರಣ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ರಾಜ್ಯ ರಾಜಿಗೆ ಬಂದು ಇಡೀ ಪಟ್ಟಿಯನ್ನೇ ಹಿಂತೆಗೆದುಕೊಂಡು 4,50,000 ಡಾಲರ್ ಖರ್ಚು ಕಟ್ಟಿಕೊಟ್ಟಿತು. ಮೇ ತಿಂಗಳಲ್ಲಿ ಸೆನೆಟ್ಟಿನ ಒಪ್ಪಿಗೆ ಸಿಗದೆ ವಿಟ್ಲಿ ರಾಜೀನಾಮೆ ಕೊಟ್ಟರು. ಆ ರಾಜಿಯಲ್ಲಿ ಒಂದು ಸಾಲು ಇದೆ, ಅದು ಬಹಳ ಮುಖ್ಯ ಅನ್ನಿಸುತ್ತದೆ. ಮತದಾರರ ಪಟ್ಟಿಗೆ ಸೇರಿದ ಮೇಲೆ ಯಾರಾದರೂ ಡಿಪಿಎಸ್‌ನಲ್ಲಿ ಗ್ರೀನ್ ಕಾರ್ಡ್ ತೋರಿಸಿದ್ದರೆ ಮಾತ್ರ ಅನುಮಾನಿಸಿ, ಮೊದಲೇ ತೋರಿಸಿದ್ದರೆ ಬೇಡ. ಎರಡು ತಾರೀಖುಗಳಲ್ಲಿ ಯಾವುದು ಮುಂಚೆ ಎಂದು ನೋಡುವಷ್ಟೇ ಕೆಲಸ. ಅದನ್ನು ಮೊದಲ ದಿನವೇ ಮಾಡಿದ್ದರೆ ಹೊಸದಾಗಿ ಪೌರತ್ವ ಪಡೆದ ಸಾವಿರಾರು ಜನ ಕಳ್ಳರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಪಟ್ಟಿ ಬಂತು. ಈ ಸಲ ಕೇಂದ್ರ ವಲಸೆ ಇಲಾಖೆಯ ಸೇವ್ ಎಂಬ ವ್ಯವಸ್ಥೆಯಲ್ಲಿ ಇಡೀ ಮತದಾರರ ಪಟ್ಟಿಯನ್ನು ಹಾಕಿ ನೋಡಿ, 2,724 ಜನ ಪ್ರಜೆಗಳಲ್ಲದಿರಬಹುದು ಎಂದರು. 1.8 ಕೋಟಿಯಲ್ಲಿ 2,724. ಅವರಲ್ಲೂ ಕೆಲವರು ತಮ್ಮ ಪೌರತ್ವದ ದಾಖಲೆಯನ್ನು ಡಿಪಿಎಸ್‌ನಲ್ಲಿ ಮೊದಲೇ ಕೊಟ್ಟಿದ್ದರು ಎಂದು ಕೌಂಟಿಗಳು (ನಮ್ಮ ಜಿಲ್ಲೆಗಳಂತೆ) ಪರಿಶೀಲಿಸಿದಾಗ ಗೊತ್ತಾಯಿತು. ಒಂದು ಇಲಾಖೆಯ ಬೀರುವಿನಲ್ಲಿರುವ ಕಾಗದವನ್ನು ಇನ್ನೊಂದು ಇಲಾಖೆ ನೋಡದೆ, ಮತದಾರರ ಮನೆಗೆ ನೋಟೀಸು ಕಳಿಸಿತ್ತು.

ಕಾಗದ ಕೇಳುವುದರಿಂದ ಯಾರಿಗೆ ಪೆಟ್ಟು ಎಂದು ತಿಳಿಯಲು ಕನ್ಸಾಸ್ ನೋಡಬೇಕು. ಅಲ್ಲಿ 2011ರಲ್ಲಿ ಕಾನೂನಾಗಿ 2013ರ ಜನವರಿಯಿಂದ ಜಾರಿಗೆ ಬಂತು. ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ ಸುಮಾರು 31,000 ಅರ್ಜಿಗಳು ದಾಖಲೆ ಇಲ್ಲವೆಂದು ನಿಂತುಹೋದವು. ಹೊಸ ಅರ್ಜಿಗಳಲ್ಲಿ ಎಂಟರಲ್ಲಿ ಒಂದು ಎನ್ನಿ. ದಾವೆ ಹೂಡಿದವರಲ್ಲಿ ಒಬ್ಬರು ಈಗ ಮುಚ್ಚಿಹೋಗಿರುವ ವಾಯುನೆಲೆಯಲ್ಲಿ ಹುಟ್ಟಿದವರು; ಜನನ ಪತ್ರ ಎಲ್ಲಿ ಸಿಗುತ್ತದೆ ಎಂದೇ ಅವರಿಗೆ ತಿಳಿಯಲಿಲ್ಲ. ಸರ್ಕಾರದ ಪರವಾಗಿ ರಾಜ್ಯದ ಕಾರ್ಯದರ್ಶಿ ಕ್ರಿಸ್ ಕೋಬಾಕ್ ತಾವೇ ವಾದಿಸಿದರು. ನ್ಯಾಯಾಧೀಶೆ ಜೂಲಿ ರಾಬಿನ್‌ಸನ್ 2018ರ ಜೂನ್‌ನಲ್ಲಿ ಕಾನೂನನ್ನು ರದ್ದು ಮಾಡಿದರು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ತೀರ್ಪನ್ನು ಎತ್ತಿಹಿಡಿಯಿತು. 19 ವರ್ಷಗಳಲ್ಲಿ ಪಟ್ಟಿಗೆ ಸೇರಿಬಿಟ್ಟಿದ್ದ ಪ್ರಜೆಗಳಲ್ಲದವರು ಹೆಚ್ಚೆಂದರೆ 39 ಜನ ಎಂದು ರಾಬಿನ್‌ಸನ್ ತೀರ್ಪಿನಲ್ಲಿದೆ. 39 ಜನರನ್ನು ತಡೆಯಲು 31,000 ಅರ್ಜಿಗಳನ್ನು ತಡೆದದ್ದು ನನ್ನ ಲೆಕ್ಕದಲ್ಲಿ ಸರಿಹೊಂದುವುದಿಲ್ಲ. ನಿಂತುಹೋದವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇಂಥದೇ ಕಾನೂನು ಬಂದು 2025ರ ಮಾರ್ಚ್‌ನ ಊರ ಚುನಾವಣೆಗಳಲ್ಲಿ ಮತಗಟ್ಟೆಗೆ ಬಂದ ಕೆಲವರನ್ನು ವಾಪಸು ಕಳಿಸಿದರು. ಮದುವೆಯಾಗಿ ಹೆಸರು ಬದಲಾದ ಹೆಂಗಸರಿಗೆ ಜನನ ಪತ್ರದ ಜೊತೆ ಮದುವೆಯ ಪತ್ರವೂ ಬೇಕಾಯಿತು.

ಅರಿಜೋನಾದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 2024ರ ಸೆಪ್ಟೆಂಬರ್‌ನಲ್ಲಿ, ಚುನಾವಣೆ ತಲೆಯ ಮೇಲಿರುವಾಗ, ಒಂದು ಹಳೆಯ ದೋಷ ಬೆಳಕಿಗೆ ಬಂತು. 1996ರ ಅಕ್ಟೋಬರ್‌ಗೆ ಮುಂಚೆ ಲೈಸೆನ್ಸು ಪಡೆದು ಆಮೇಲೆ ನಕಲು ಕಾರ್ಡು ಮಾಡಿಸಿಕೊಂಡವರ ವಿಷಯದಲ್ಲಿ, ಕಂಪ್ಯೂಟರು ನಕಲಿನ ತಾರೀಖನ್ನೇ ಮೂಲ ತಾರೀಖು ಎಂದುಕೊಂಡು "ಪೌರತ್ವ ಸಾಬೀತಾಗಿದೆ" ಎಂದು ಗುರುತು ಹಾಕುತ್ತಿತ್ತು. ಇಪ್ಪತ್ತು ವರ್ಷ ಯಾರೂ ನೋಡಲಿಲ್ಲ. ಮೊದಲು 98,000 ಜನ ಎಂದರು, ಕೊನೆಗೆ 2,18,000ಕ್ಕೆ ಏರಿತು. ತಪ್ಪು ಸರ್ಕಾರದ್ದು, ಇಷ್ಟು ತಡವಾಗಿ ಜನರ ಓಟು ಕಿತ್ತುಕೊಳ್ಳಲಾಗದು ಎಂದು ರಾಜ್ಯದ ಸುಪ್ರೀಂ ಕೋರ್ಟು ಅವರಿಗೆ ಪೂರ್ತಿ ಓಟು ಉಳಿಸಿಕೊಟ್ಟಿತು. ಎಷ್ಟೇ ಬಿಗಿ ಕಾನೂನು ಬರೆದರೂ ಅದು ನಡೆಯುವುದು ಇಂಥ ಕಂಪ್ಯೂಟರುಗಳ ಮೇಲೆಯೇ.

ಈಗ ಹೆಸರಿನ ವಿಷಯ. ಇದು ನಮ್ಮವರಿಗೆ ವಿಶೇಷವಾಗಿ ತಟ್ಟುತ್ತದೆ. ಊರಿನ ಪಹಣಿಯಲ್ಲಿ "ಗಂಗಮ್ಮ ಕೋಂ ಸಿದ್ದಪ್ಪ" ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಅಮೆರಿಕದ ವೀಸಾ ಬರುವಾಗ ಗಂಗಮ್ಮ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂಬ ಮೂರು ಅಕ್ಷರ ಕೂರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅರ್ಥ. ಅದೇ ಗ್ರೀನ್ ಕಾರ್ಡಿಗೂ ಐಡಿಗೂ ಇಳಿಯುತ್ತದೆ. ಪೌರತ್ವದ ವೇಳೆಗೆ ಮಗಳು ಚೆಂದಾಗಿರಲಿ ಎಂದು "ಗಂಗಮ್ಮ ಸಿದ್ದಪ್ಪ" ಎಂದು ಬದಲಿಸುತ್ತಾಳೆ. ಒಂದೇ ಜೀವಕ್ಕೆ ಮೂರು ಹೆಸರು. ಇದರ ಮೇಲೆ ಜನ್ಮದಿನ ಬೇರೆ: ನಮ್ಮ ಹಿರಿಯರಲ್ಲಿ ಎಷ್ಟೋ ಜನ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡಂತೆ ಜೂನ್ 1ರಂದು ಹುಟ್ಟಿದವರು. ಹೆಸರು ಮತ್ತು ಜನ್ಮದಿನ ಹೊಂದಿಸಿ ನೋಡುವ ಯಂತ್ರಕ್ಕೆ ಒಬ್ಬರು ಇಬ್ಬರಾಗಿ ಕಾಣಬಹುದು, ಇಬ್ಬರು ಒಬ್ಬರಾಗಿಯೂ ಕಾಣಬಹುದು.

ಮತಗಟ್ಟೆಯಲ್ಲಿ ಟೆಕ್ಸಾಸ್ ಇದಕ್ಕೆ ಒಳ್ಳೆಯ ದಾರಿ ಮಾಡಿದೆ. ಐಡಿಯ ಹೆಸರು ಪಟ್ಟಿಯ ಹೆಸರಿಗೆ ಹೆಚ್ಚುಕಡಿಮೆ ಹೋಲುತ್ತಿದ್ದರೆ ಸಾಕು, ಇಬ್ಬರೂ ಒಬ್ಬರೇ ಎಂದು ಒಂದು ಗುರುತು ಹಾಕಿಸಿಕೊಂಡು ಓಟಿಗೆ ಬಿಡುತ್ತಾರೆ. ಪೌರತ್ವದ ತಾಳೆಗೂ ಇದೇ ಉದಾರತೆ ಬೇಕು ಎಂದು ನಿಮ್ಮ ಶಾಸಕರಿಗೆ ಬರೆಯಿರಿ.

ಹಾಗಾದರೆ ತಾಯಿಯವರಿಗೆ ಈಗಲೇ ಏನು ಮಾಡಿಸಬೇಕು? ಮೊದಲ ಕೆಲಸ ಪಾಸ್‌ಪೋರ್ಟ್. 165 ಡಾಲರ್ ಆಗುತ್ತದೆ. ಅಷ್ಟು ಬೇಡವೆಂದರೆ ಪರ್ಸಿನಲ್ಲಿಡುವ ಪಾಸ್‌ಪೋರ್ಟ್ ಕಾರ್ಡ್ 65 ಡಾಲರಿಗೆ ಬರುತ್ತದೆ, ಪೌರತ್ವ ತೋರಿಸಲು ಅದೂ ನಡೆಯುತ್ತದೆ. ಅರ್ಜಿಯ ಜೊತೆ ಪೌರತ್ವದ ಮೂಲ ಸರ್ಟಿಫಿಕೇಟನ್ನೇ ಕಳಿಸಬೇಕು. ಅದು ಬೇರೆ ಲಕೋಟೆಯಲ್ಲಿ ವಾಪಸು ಬರುತ್ತದೆ, ಹೆದರಬೇಡಿ. ಆದರೆ ಕಳಿಸುವ ಮುಂಚೆ ಒಂದು ಪ್ರತಿ ತೆಗೆದಿಡಿ. ಕಾನೂನುಬದ್ಧ ಅಧಿಕಾರವಿಲ್ಲದೆ ನಕಲು ಮಾಡಿದರೆ ಶಿಕ್ಷೆ ಎಂದು ಅದರ ಮೇಲೇ ಅಚ್ಚಾಗಿರುವುದನ್ನು ನೋಡಿ ನಮ್ಮವರು ಜೆರಾಕ್ಸ್ ಮಾಡಿಸಲು ಅಂಜುತ್ತಾರೆ. ನ್ಯಾಯವಾದ ಕೆಲಸಕ್ಕೆ ಪ್ರತಿ ಇಟ್ಟುಕೊಳ್ಳುವುದು ತಪ್ಪಲ್ಲ. ಮೂಲ ಕಳೆದುಹೋದರೆ ಇನ್ನೊಂದಕ್ಕೆ ಐನೂರು ಡಾಲರಿಗೂ ಮೇಲೆ ತೆರಬೇಕು, ತಿಂಗಳುಗಟ್ಟಲೆ ಕಾಯಬೇಕು.

ಎರಡನೆಯದು, ಸೋಷಿಯಲ್ ಸೆಕ್ಯುರಿಟಿ ಕಚೇರಿ. ಸೇವ್ ವ್ಯವಸ್ಥೆ ಈಗ ಅಲ್ಲಿಯ ಮಾಹಿತಿಯನ್ನೂ ನೋಡುತ್ತದೆ, ಆದ್ದರಿಂದ ಅಲ್ಲಿ ಪೌರತ್ವ ಬದಲಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. 2024ರ ಏಪ್ರಿಲ್‌ನಿಂದ ಪೌರತ್ವದ ಅರ್ಜಿಯಲ್ಲೇ ಅದನ್ನು ಕೇಳಿಕೊಳ್ಳುವ ಅವಕಾಶವಿದೆ. ಆ ಜಾಗದಲ್ಲಿ ಹೌದು ಎಂದಿದ್ದಿರಾ ಎಂದು ನಿಮ್ಮ ಪ್ರತಿ ತೆಗೆದು ನೋಡಿ. ಆಮೇಲೆ ಡಿಪಿಎಸ್‌ಗೆ ಹೋಗಿ ಹೊಸ ಐಡಿ ಮಾಡಿಸಿ. ಹೆಸರು ಪೌರತ್ವದ ಸರ್ಟಿಫಿಕೇಟಿನಲ್ಲಿ ಇರುವಂತೆಯೇ, ಒಂದಕ್ಷರ ಆಚೀಚೆ ಆಗದಂತೆ ಇರಲಿ. ಕಾರ್ಡಿಗೆ ಅವಧಿ ಇದೆಯಲ್ಲ ಎಂದು ಬಿಡಬೇಡಿ. ಕೊನೆಗೆ ಕೌಂಟಿಯ ಮತದಾರರ ಪಟ್ಟಿಯಲ್ಲೂ ಅದೇ ಹೆಸರಿದೆಯೇ ನೋಡಿಕೊಳ್ಳಿ.

ಕೌಂಟಿಯಿಂದ ಪೌರತ್ವದ ಬಗ್ಗೆ ಪತ್ರ ಬಂದರೆ 30 ದಿನದ ಗಡುವು. ಬಿಲ್ಲು, ಜಾಹೀರಾತುಗಳ ನಡುವೆ ಅದು ಮೇಜಿನ ಮೇಲೆ ಕೊಳೆಯಬಾರದು. ಉತ್ತರ ಹೋಗದಿದ್ದರೆ ಹೆಸರು ತೆಗೆಯುತ್ತಾರೆ. ತೆಗೆದ ಮೇಲೂ ದಾಖಲೆ ತೋರಿಸಿದರೆ ಮತ್ತೆ ಸೇರಿಸುತ್ತಾರೆ, ಆದರೆ ಓಟಿನ ದಿನ ಸಾಲಿನಲ್ಲಿ ನಿಂತಾಗ ಅದು ಗೊತ್ತಾಗುವುದು ಹಿರಿಯರಿಗೆ ದೊಡ್ಡ ಅವಮಾನ.

ಇಲ್ಲಿ ಒಂದು ಮಾತನ್ನು ನಿಮಗಷ್ಟೇ ಅಲ್ಲ, ಗ್ರೀನ್ ಕಾರ್ಡಿನ ಮೇಲೆ ತಂದೆತಾಯಿಯನ್ನು ಕರೆಸಿಕೊಂಡಿರುವ ಎಲ್ಲರಿಗೂ ಹೇಳಬೇಕು. ನಾನು ಕೌಂಟಿಯ ಅನುಮತಿ ಪಡೆದ ಸ್ವಯಂಸೇವಕ. ಜನರಿಂದ ಅರ್ಜಿ ತುಂಬಿಸಿ ಐದು ದಿನದೊಳಗೆ ಕೌಂಟಿಗೆ ತಲುಪಿಸುವ ಕೆಲಸ. ಒಂದು ರಾಜ್ಯೋತ್ಸವದಲ್ಲಿ ಊಟದ ಸಾಲಿನ ಪಕ್ಕ ಮೇಜು ಹಾಕಿಕೊಂಡಿದ್ದೆ. ಹೋಳಿಗೆ ತಟ್ಟೆ ಎಡಗೈಯಲ್ಲಿ ಹಿಡಿದ ಅಜ್ಜಿಯೊಬ್ಬರು ಬಂದು, "ನಮ್ಮೂರಲ್ಲಿ ಒಂದು ಸಲವೂ ಓಟು ತಪ್ಪಿಸಿಲ್ಲ ಕಣಪ್ಪ, ಇಲ್ಲೂ ಕೊಡು" ಎಂದು ಪೆನ್ನು ತೆಗೆದುಕೊಂಡರು. ಮೊದಲ ಪ್ರಶ್ನೆಗೇ "ಹೌದು" ಎಂದು ಗುರುತು ಹಾಕಲು ಹೊರಟಿದ್ದರು. ಸಿಟಿಜನ್ ಆಗಿದ್ದೀರಾ ಅಜ್ಜಿ ಎಂದೆ. "ಕಾರ್ಡ್ ಬಂದು ಎರಡು ವರ್ಷವಾಯ್ತು" ಎಂದರು. ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ. ಆ ಒಂದು ಗುರುತು ಸುಳ್ಳು ಪೌರತ್ವ ಹೇಳಿಕೊಂಡಂತೆ ಆಗುತ್ತದೆ. ವಲಸೆ ಕಾನೂನಿನಲ್ಲಿ ಅದು ಗಡೀಪಾರಿಗೆ ದಾರಿ, ಮುಂದೆ ಪೌರತ್ವಕ್ಕೂ ಮುಳ್ಳು. ಡಿಪಿಎಸ್ ಕೌಂಟರಿನಲ್ಲಿ ಐಡಿ ಮಾಡಿಸುವಾಗಲೂ ಮತದಾರರ ಪಟ್ಟಿಗೆ ಸೇರಿಸಬೇಕೇ ಎಂಬ ಪ್ರಶ್ನೆ ನಮೂನೆಯಲ್ಲೇ ಇರುತ್ತದೆ. ಇಂಗ್ಲಿಷ್ ಬಾರದ ಹಿರಿಯರು ಎಲ್ಲಕ್ಕೂ ತಲೆಯಾಡಿಸುತ್ತಾರೆ. ಪಕ್ಕದಲ್ಲಿ ನಿಂತು ಓದಿ ಹೇಳಿ. ಪ್ರಜೆಗಳಲ್ಲದವರು ಪಟ್ಟಿಯಲ್ಲಿ ಸಿಕ್ಕಾಗ ಎಲ್ಲರೂ ಮೋಸಗಾರರಲ್ಲ. ಹೀಗೆ ತಲೆಯಾಡಿಸಿದವರೂ ಅಲ್ಲಿರುತ್ತಾರೆ. ಅದನ್ನು ತಡೆಯಲು ಕೌಂಟರಿನಲ್ಲಿ ಕಾರ್ಡು ನೋಡಿದ ನೌಕರನೇ ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಸಾಕು. ಹೊಸ ಕಾನೂನಿನಲ್ಲಿ ಆ ಒಂದು ನಿಯಮ ಇದ್ದರೆ ನಾನು ಅದಕ್ಕೆ ಕೈಯೆತ್ತುತ್ತೇನೆ.

ಗೆಳೆಯರಿಗೆ ಏನು ಹೇಳಲಿ ಎಂದಿರಿ. 2025ರ ಮಸೂದೆ ಇದ್ದ ರೂಪದಲ್ಲಿ ನಾನು ಅದನ್ನು ವಿರೋಧಿಸುತ್ತೇನೆ. ಹೊಸ ಅರ್ಜಿ ಬಂದಾಗ ಸರ್ಕಾರ ತನ್ನ ಬಳಿಯ ದಾಖಲೆಗಳನ್ನು ತಾನೇ ಮೊದಲು ನೋಡಲಿ, ಸಿಗದಿದ್ದರೆ ಮಾತ್ರ ಕೇಳಲಿ. ಹಾಗಿದ್ದರೆ ನನ್ನ ತಕರಾರು ಅರ್ಧ ಇಳಿಯುತ್ತದೆ. ಪಟ್ಟಿಯಲ್ಲಿ ಇರುವವರನ್ನು ಮುಟ್ಟುವುದಾದರೆ 2019ರ ರಾಜಿಯ ತಾರೀಖಿನ ನಿಯಮ ಕಾನೂನಿನೊಳಗೇ ಬರೆದಿರಲಿ. ಯಾರ ಹೆಸರು ತೆಗೆದರೂ ಕಾರಣ ಹೇಳಿ ತೆಗೆಯಲಿ. ಬಿಹಾರದಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿಟ್ಟುಹೋದಾಗ ನಮ್ಮ ಸುಪ್ರೀಂ ಕೋರ್ಟು ಚುನಾವಣಾ ಆಯೋಗಕ್ಕೆ ಇದನ್ನೇ ಹೇಳಿತು: ಬಿಟ್ಟವರ ಹೆಸರನ್ನೂ ಕಾರಣವನ್ನೂ ಪ್ರಕಟಿಸಿ. ಟೆಕ್ಸಾಸ್‌ನ ಅಜ್ಜಿಗೂ ಬಿಹಾರದ ಅಜ್ಜಿಗೂ ಕನಿಷ್ಠ ಅಷ್ಟು ಸಲ್ಲಬೇಕು.

2027ರಲ್ಲಿ ಮಸೂದೆ ಬಂದಾಗ ಕೆಳಮನೆಯ ಸಮಿತಿಗಳು ಟೆಕ್ಸಾಸ್ ನಿವಾಸಿಗಳಿಂದ ಆನ್‌ಲೈನ್‌ನಲ್ಲಿ ಅಭಿಪ್ರಾಯ ತೆಗೆದುಕೊಳ್ಳುತ್ತವೆ. ಆಸ್ಟಿನ್ನಿಗೆ ಹೋಗಿ ಹೆಸರು ಕೊಟ್ಟರೆ ಎರಡು ಮೂರು ನಿಮಿಷ ಮಾತಾಡಲೂ ಬಿಡುತ್ತಾರೆ. ತಾಯಿಯವರನ್ನೇ ಕರೆದುಕೊಂಡು ಹೋಗಿ. ಮೂರು ಹೆಸರಿನ ಮೂರು ಕಾರ್ಡುಗಳನ್ನು ಮೇಜಿನ ಮೇಲಿಟ್ಟು ತೋರಿಸಲಿ.

ಇನ್ನೊಂದು ಕೆಲಸ ಉಳಿದಿದೆ. ತಿಪಟೂರಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇರಬಹುದು. ಅಮೆರಿಕದ ಪ್ರಮಾಣ ಮಾಡಿದ ದಿನವೇ ಭಾರತದ ಪೌರತ್ವ ಹೋಗುತ್ತದೆ, ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿನವರಿಗೆ ಅಲ್ಲಿ ಓಟಿಲ್ಲ. ಊರಿಗೆ ಹೋದಾಗ ಚುನಾವಣೆ ಇದೆಯೆಂದು ಯಾರಾದರೂ ಕರೆದರೆ ಹೋಗಬಾರದು. ಚುನಾವಣಾ ಆಯೋಗದ ನಮೂನೆ 7ರಲ್ಲಿ "ಭಾರತೀಯ ಪ್ರಜೆಯಲ್ಲ" ಎಂಬ ಕಾರಣದ ಮೇಲೆ ಹೆಸರು ತೆಗೆಸಲು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕೇಳಬಹುದು. ಹಳೆಯ ವೋಟರ್ ಐಡಿಯ ನಂಬರು ಹುಡುಕಿಟ್ಟುಕೊಳ್ಳಿ, ಅರ್ಜಿಗೆ ಬೇಕಾಗುತ್ತದೆ.